ಕೂದಲೆಳೆಯ ಸಂದು

ಮದುವೆಯಾಗಿ ಬೇವೂರಿಗೆ ಬಂದ ವರ್ಷದ ಮುಂಗಾರಿನಲ್ಲೇ ಶೇಖರಮ್ಮ ತನ್ನ ಅತ್ತೆ ಸಣ್ಣವ್ವನಿಗೆ ಒಂದು ಮಾತು ಕೊಟ್ಟಿದ್ದಳು. ಮಳೆ ಬಿದ್ದು ಎರೆ ಹೊಲ ಹದಕ್ಕೆ ಬಂದ ದಿನ. ಎತ್ತು ಹೂಡಿದ ಕೂರಿಗೆ ಬದುವಿನ ಹತ್ತಿರ ನಿಂತಿತ್ತು. ಸಣ್ಣವ್ವ ತನ್ನ ಉಡಿಯಿಂದ ಕೆಂಪು ನವಣೆ ಬೀಜ ತೆಗೆದು ಸೊಸೆಯ ಮುಷ್ಟಿಗೆ ತುಂಬಿದಳು. ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, "ಈ ನವಣಿ ನಮ್ಮತ್ತಿ ಕೈಲೆ ಬಿದ್ದೈತಿ, ನನ್ನ ಕೈಲೆ ಬಿದ್ದೈತಿ. ಇನ್ನ ನೀ ಇರೂತನಕ ನಿನ್ನ ಕೈಲೆ ಬೀಳಬೇಕು. ಬ್ಯಾರೆ ಕೈಗೆ ಕೊಡಬಾರ್ದು. ಹೂಂ ಅನ್ನು" ಅಂದಳು.

ಶೇಖರಮ್ಮ ಹೂಂ ಅಂದಳು.

ಹೂಂ ಅನ್ನುವುದಕ್ಕೆ ಒಂದು ಉಸಿರು ಸಾಕಾಯಿತು. ಆ ಕೈ ಕಲಿಯುವುದಕ್ಕೆ ಎಷ್ಟೋ ಮುಂಗಾರು ಬೇಕಾದವು. ನವಣೆ ಕಾಳೆಂದರೆ ಸಾಸಿವೆಯ ತಮ್ಮನಂಥದ್ದು; ಮುಷ್ಟಿ ಸ್ವಲ್ಪ ಸಡಿಲಾದರೆ ಹಿಂಡುಹಿಂಡಾಗಿ ಉದುರುತ್ತದೆ, ಸ್ವಲ್ಪ ಬಿಗಿಯಾದರೆ ಒಂದೂ ಇಳಿಯುವುದಿಲ್ಲ. ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಕೂರಿಗೆಯ ಬಟ್ಟಲಿನ ಮೇಲೆ ಕೈ ಹಿಡಿದು ನಡೆದರೆ ಶೇಖರಮ್ಮನ ಕಿರುಬೆರಳಿನ ಕೆಳಗಿನಿಂದ ಬೀಜ ದಾರ ಬಿಟ್ಟ ಹಾಗೆ ಇಳಿಯುತ್ತಿತ್ತು. ಪೈರು ಎದ್ದ ಮೇಲೆ ಸಾಲು ನೋಡಲೆಂದೇ ದಾರಿಹೋಕರು ಸೈಕಲ್ಲು ನಿಲ್ಲಿಸುತ್ತಿದ್ದರು.

ಈಗ ಎರಡು ವರ್ಷದಿಂದ ಆ ಕೈ ನಡುಗುತ್ತಿತ್ತು.

ಹೋದ ಸಲ ಬಿತ್ತಿದ್ದು ಒಂದೆಡೆ ಗುಂಪಾಗಿ, ಇನ್ನೊಂದೆಡೆ ಬೋಳಾಗಿ ಎದ್ದಿತ್ತು. ಗುಂಪಿನದು ಒಂದನ್ನೊಂದು ತುಳಿದು ಕುಳ್ಳಾಯಿತು, ಬೋಳಿನಲ್ಲಿ ಕಸ ತುಂಬಿತು. ತೆನೆ ಬಡಿದಾಗ ಸಿಕ್ಕಿದ್ದರಲ್ಲಿ ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಟ್ಟ ಬೀಜ ಈ ಒಂದು ಬಿತ್ತನೆಗೆ ಸಾಲುವಷ್ಟು ಮಾತ್ರ. ಊರಲ್ಲಿ ಬೇರೆ ಯಾರ ಮನೆಯಲ್ಲೂ ಆ ತಳಿ ಉಳಿದಿರಲಿಲ್ಲ. ಈ ಸಲವೂ ಹಾಗೇ ಆದರೆ ಕೆಂಪು ನವಣೆ ಅಲ್ಲಿಗೆ ಮುಗಿದಂತೆ.

ಇದನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವಳು ಮಗಳು ಸುರೇಖಾ. ಕೊಪ್ಪಳಕ್ಕೆ ಕೊಟ್ಟ ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಹೊಸಪೇಟೆ ರಸ್ತೆಯ ಆಸೀಫನ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಬರೆಯುವ ಕೆಲಸ. ಬೆಳಿಗ್ಗೆ ಮಗಳು ಐಶ್ವರ್ಯಳ ಜಡೆ ಹಾಕಿ, ಡಬ್ಬಿ ಕಟ್ಟಿ, ಸಾಲೆಗೆ ಬಿಟ್ಟು ಬಂದು ಕೂತರೆ ಬೆನ್ನು ನೆಟ್ಟಗೆ ಮಾಡುವುದು ಊಟದ ಹೊತ್ತಿಗೇ.

ರವಿವಾರ ತವರಿಗೆ ಬಂದಾಗ ಅವಳು ಮಾತು ತೆಗೆದಳು.

"ಅವ್ವಾ, ತಮ್ಮನ ಟ್ರ್ಯಾಕ್ಟರ್ ಕೂರಿಗ್ಯಾಗ ಜ್ವಾಳದ ಪ್ಲೇಟ್ ಐತಲ್ಲ, ಅಂಥಾದ್ದ ನವಣಿಗೆ ಒಂದು ಮಾಡಿಸ್ತೀನಿ."

ಟ್ರ್ಯಾಕ್ಟರ್ ಕೂರಿಗೆಯ ಬೀಜದ ಪೆಟ್ಟಿಗೆಯ ತಳದಲ್ಲಿ ದುಂಡನೆಯ ತಗಡಿನ ಪ್ಲೇಟುಗಳು ತಿರುಗುತ್ತವೆ. ಅಂಚಿನುದ್ದಕ್ಕೂ ತೂತು. ಒಂದೊಂದು ತೂತಿನಲ್ಲಿ ಕಾಳು ಕೂತು, ತಿರುಗಿ ಬಂದು, ಕೆಳಗಿನ ಕೊಳವೆಗೆ ಬೀಳುತ್ತದೆ. ಜೋಳಕ್ಕೆ, ಕಡಲೆಗೆ, ತೊಗರಿಗೆ ಬೇರೆ ಬೇರೆ ಪ್ಲೇಟು ಅಂಗಡಿಯಲ್ಲಿ ಸಿಗುತ್ತವೆ. ಈ ನವಣೆಗೆ ಹೊಂದುವುದು ತಮ್ಮ ಬಸವಕುಮಾರ ಕುಷ್ಟಗಿ, ಗಂಗಾವತಿ ಸುತ್ತಿದರೂ ಸಿಕ್ಕಿರಲಿಲ್ಲ.

"ಯಾಕ, ನನ್ನ ಕೈಗೇನಾಗೈತಿ?" ಅಂದಳು ಶೇಖರಮ್ಮ. "ಹ್ವಾದ ಸಲ ಗಾಳಿ ಭಾಳ ಇತ್ತು."

ಬಸವಕುಮಾರ ಚಹಾದ ಬಸಿ ಕೆಳಗಿಟ್ಟು ನಕ್ಕ. "ಹೌದೌದು. ಗಾಳಿ ನಮ್ಮ ಹೊಲದಾಗಷ್ಟ ಬೀಸಿತ್ತು, ಬಾಜೂ ಹೊಲದ ಕನಕಪ್ಪ ಕಾಕಾನ ಹೊಲಕ್ಕ ಹೋಗ್ಲೇ ಇಲ್ಲ."

"ಬಾಯಿ ಮುಚ್ಚಲೇ."

"ನಾ ಮುಚ್ಚತೀನಿ ಬೇ. ಆದ್ರ ಈ ಸಲಾನೂ ಹಂಗ ಆದ್ರ, ಮುಂದಿನ ವರ್ಷ ಆ ಪಟ್ಟಿಗೆ ಮೆಕ್ಕಿಜ್ವಾಳ ಹಾಕಾಂವ. ಬೀಜನ ಇರಂಗಿಲ್ಲ, ಏನ್ ಬಿತ್ತತಿ?"

ಶೇಖರಮ್ಮ ಸೆರಗಿನೊಳಗೆ ಬಲಗೈ ಮುಚ್ಚಿಕೊಂಡಳು. "ನಾ ನಮ್ಮತ್ತಿಗೆ ಮಾತು ಕೊಟ್ಟೀನಿ. ತಗಡಿನ ಕೈಗೆ ಕೊಡಂಗಿಲ್ಲ" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಮಗಳು ಬಸ್ಸು ಹತ್ತುವಾಗ ಮಾತ್ರ ಕಾಗದದ ಪೊಟ್ಟಣವೊಂದನ್ನು ಅವಳ ಚೀಲದೊಳಗೆ ತುರುಕಿದಳು. ಅದರಲ್ಲಿ ಒಂದು ಚಿಟಿಕೆ ನವಣೆ ಇತ್ತು. "ನೋಡಾಕಷ್ಟ" ಅಂದಳು. "ಬಿತ್ತಾಕಲ್ಲ."

ಆಸೀಫನ ವರ್ಕ್‌ಶಾಪಿನಲ್ಲಿ ಜೋಳದ ಪ್ಲೇಟಿನ ಅಚ್ಚು ಮೊದಲೇ ಇತ್ತು. ಅಚ್ಚು ಎಂದರೆ ಒಂದು ಜೋಡಿ. ಮೇಲಿನದು ಪಂಚ್, ಅಂದರೆ ಉಕ್ಕಿನ ಬೆರಳು. ಕೆಳಗಿನದು ಡೈ, ಆ ಬೆರಳು ಇಳಿಯುವಷ್ಟೇ ತೂತಿರುವ ಉಕ್ಕಿನ ಗಟ್ಟಿ. ನಡುವೆ ತಗಡಿಟ್ಟು ಪ್ರೆಸ್ ಒತ್ತಿದರೆ ಬೆರಳು ತಗಡನ್ನು ತೂತಿನೊಳಗೆ ತಳ್ಳಿ ಕತ್ತರಿಸುತ್ತದೆ. ಜೋಳದ ತೂತಿಗೆ ಎರಡೂ ತುದಿ ದುಂಡಗಿರುವ ಉದ್ದನೆಯ ಆಕಾರ. ನವಣೆಗೂ ಅದೇ ಆಕಾರ ಸಾಕು, ಅಳತೆ ಮಾತ್ರ ಕಿರಿದಾಗಬೇಕು.

ಸುರೇಖಾ ಪೊಟ್ಟಣ ಬಿಚ್ಚಿ ಕಾಳುಗಳನ್ನು ಅಳೆದಳು. ಹಳೆಯ ನಕ್ಷೆ ತೆರೆದು, ಪಂಚ್, ಡೈ ಎರಡನ್ನೂ ಒಟ್ಟಿಗೆ ಆರಿಸಿ, ಸ್ಕೇಲ್ ಎಂಬ ಕುಗ್ಗಿಸುವ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಇಡೀ ಅಚ್ಚು ಒಮ್ಮೆ ಉಸಿರು ಬಿಟ್ಟಂತೆ ಕುಗ್ಗಿ ಕೂತಿತು. ಎಷ್ಟು ಸಲ ಮಾಡಿದ್ದರೂ ಅವಳಿಗೆ ಇದೊಂದು ಬೆರಗು. ಒಂದು ಮಾತು ಹೇಳಿದರೆ ಉಕ್ಕು ಚಿಕ್ಕದಾಗುತ್ತದೆ! ಎರಡನ್ನೂ ಒಂದೇ ಲೆಕ್ಕದಲ್ಲಿ ಕುಗ್ಗಿಸಿದ್ದರಿಂದ ಜೋಡಿ ಜೋಡಿಯಾಗಿಯೇ ಉಳಿಯುತ್ತದೆ ಎಂಬ ಧೈರ್ಯ ಬೇರೆ.

ಆಸೀಫ ಕಾಗದದ ಮೇಲೆ ನಕ್ಷೆ ಇಸಿದುಕೊಂಡು ನೋಡಿದ. ಗಡ್ಡದಲ್ಲಿ ನರೆ ಬಂದ, ಮಾತಿಗೊಮ್ಮೆ ಚೇಷ್ಟೆ ಮಾಡುವ ಮನುಷ್ಯ. ಕಾಗದ ಹಿಡಿದುಕೊಂಡೇ ನಗತೊಡಗಿದ.

"ತಂಗೆವ್ವಾ, ಬೋಲ್ಟ್ ಎಲ್ಲಿಂದ ತರ್ಲಿ? ಕೈಗಡಿಯಾರ ರಿಪೇರಿ ಮಾಡಾವ್ರ ಹಂತ್ಯಾಕ ಹೋಗ್ಲೇನು?"

ಸುರೇಖಾ ನೋಡಿದಳು. ಅಚ್ಚನ್ನು ಪ್ರೆಸ್ಸಿಗೆ ಬಿಗಿಯುವ ಬೋಲ್ಟಿನ ತೂತುಗಳೂ ಎಲ್ಲದರ ಜೊತೆ ಕುಗ್ಗಿ ಹೋಗಿದ್ದವು.

"ಅಂಗಿ ಸಣ್ಣದು ಹೊಲದ್ರ ಗುಂಡೀನೂ ಸಾಸಿವಿ ಕಾಳಿನಷ್ಟು ಹಚ್ತಾರೇನು?"

"ಕೊಡ್ರಿ ಇಲ್ಲೆ ಆಸೀಫಣ್ಣ, ಇಷ್ಟಕ್ಕ ಊರಿಗೆಲ್ಲ ಡಂಗುರ ಹೊಡೀಬ್ಯಾಡ್ರಿ." ಅವಳೂ ನಕ್ಕಳು. ಬೋಲ್ಟಿನ ತೂತು, ಗಟ್ಟಿಯ ಎತ್ತರ, ಪ್ರೆಸ್ಸಿಗೆ ಕೂರುವ ಅಳತೆ ಎಲ್ಲವನ್ನೂ ಹಳೆಯದಕ್ಕೆ ತಂದಳು. ತಪ್ಪು ಸಿಕ್ಕಿತು, ತಿದ್ದಿದ್ದಾಯಿತು ಎಂದು ಇಬ್ಬರಿಗೂ ಹಗುರಾಯಿತು. ಕಣ್ಣಿಗೆ ಕಾಣುವ ತಪ್ಪು ಸಿಕ್ಕಿದ ಮೇಲೆ ಕಾಣದ ತಪ್ಪನ್ನು ಯಾರು ಹುಡುಕುತ್ತಾರೆ?

ಆಸೀಫ ಅಚ್ಚು ಮಾಡಿದ. ತಂತಿಯಿಂದ ಉಕ್ಕು ಕೊಯ್ಯುವ ವೈರ್‌ಕಟ್ ಮಶೀನು ಕೊಪ್ಪಳದಲ್ಲಿ ಅವನಿಗೆ ಗೊತ್ತಿದ್ದವರ ಹತ್ತಿರ ಇರಲಿಲ್ಲ; ಹೊಸಪೇಟೆಯಲ್ಲಿ ಕೊಯ್ಯಿಸಿ ತಂದ. ಪ್ಲೇಟಿನ ತಗಡು ಜೋಳದ್ದೇ, ಅದೇ ದಪ್ಪದ್ದು. ಅಷ್ಟರಲ್ಲಿ ಬೇವೂರಿನಿಂದ ಬಸವಕುಮಾರನ ಫೋನು ಬಂತು: "ಅಕ್ಕಾ, ನಿನ್ನೆ ಛಲೋ ಮಳಿ ಆತು. ಹಸಿ ಆರೂದ್ರಾಗ ಬಿತ್ತಬೇಕು. ಅವ್ವ ಎತ್ತಿನ ಕೂರಿಗಿ ಒರಸಾಕ ಹತ್ಯಾಳ. ನಿಂದೇನಾತು?"

"ಇವತ್ತ ಪ್ಲೇಟ್ ಬೀಳ್ತೈತಿ" ಅಂದಳು ಸುರೇಖಾ.

ಆಸೀಫ ಪ್ರೆಸ್ಸಿನ ಹಿಡಿಕೆ ಎಳೆದ. ಮೊದಲ ತೂತು ಬಿತ್ತು. ಎರಡನೆಯದಕ್ಕೆ ಪಂಚ್ ಇಳಿಯಿತು, ಮೇಲೇಳಲಿಲ್ಲ. ತಗಡನ್ನು ಕಚ್ಚಿಕೊಂಡು ಕೂತುಬಿಟ್ಟಿತು. ಎಳೆದ, ಬಡಿದ, ಎಣ್ಣೆ ಬಿಟ್ಟ. ಕೊನೆಗೆ ಕಿರ್ ಎಂದು ಬಿಟ್ಟುಕೊಂಡಾಗ ಪಂಚಿನ ಮೂತಿಯ ಅಂಚಿನಿಂದ ಒಂದು ಚಕ್ಕೆ ಎದ್ದು ಹೋಗಿತ್ತು.

ಆಸೀಫನ ಚೇಷ್ಟೆ ನಿಂತಿತು. ಪಂಚನ್ನು ಅಂಗೈಯಲ್ಲಿ ಇಟ್ಟುಕೊಂಡು, "ಉಕ್ಕು ಛಲೋದ ಐತಿ. ಹದಾನೂ ಬರೋಬರಿ ಐತಿ. ಯಾಕ ಕಚ್ಚಿತು?" ಎಂದು ತನ್ನನ್ನೇ ಕೇಳಿಕೊಂಡ.

ಸುರೇಖಾ ಪರದೆಯ ಮುಂದೆ ಕೂತಳು. ಹಳೆಯ ನಕ್ಷೆ ಒಂದು ಕಡೆ, ಹೊಸದು ಇನ್ನೊಂದು ಕಡೆ. ಎರಡರಲ್ಲೂ ಪಂಚಿನ ಗೆರೆ, ಡೈಯ ಗೆರೆ ಒಂದೇ ಗೆರೆಯಂತೆ ಕಂಡವು. ಅವಳು ಹತ್ತಿರ ಹೋದಳು. ಇನ್ನೂ ಹತ್ತಿರ. ಗೆರೆ ಪರದೆಯ ಈ ಅಂಚಿನಿಂದ ಆ ಅಂಚಿಗೆ ಬೆಳೆಯಿತು, ಆಮೇಲೆ ಎರಡಾಗಿ ಬಿಚ್ಚಿಕೊಂಡಿತು. ನಡುವೆ ಒಂದು ಸಂದು. ತಲೆಗೂದಲಿಗಿಂತ ಸಣ್ಣದು. ಅದನ್ನು ಅವಳು ಎಷ್ಟೋ ಅಚ್ಚುಗಳಲ್ಲಿ ಅಂಕೆಯಾಗಿ ಬರೆದಿದ್ದಳು. ಒಂದು ಜಾಗ ಎಂದು ನೋಡಿದ್ದು ಇದೇ ಮೊದಲು. ಜೋಳದ ನಕ್ಷೆಯಲ್ಲಿ ಆ ಸಂದು ಇರಬೇಕಾದಷ್ಟಿತ್ತು. ನವಣೆಯದರಲ್ಲಿ ಅದು ಕುಗ್ಗಿತ್ತು. ಎಲ್ಲದರ ಜೊತೆ, ಅದೇ ಲೆಕ್ಕದಲ್ಲಿ, ವಿಧೇಯವಾಗಿ.

ಕಾಲೇಜಿನಲ್ಲಿ ಓದಿದ್ದು ಆಗ ಅವಳಿಗೆ ನೆನಪಿಗೆ ಬಂದದ್ದಲ್ಲ, ಕಣ್ಣಿಗೆ ಕಂಡದ್ದು. ಪಂಚ್ ತಗಡನ್ನು ಪೂರ್ತಿ ಕತ್ತರಿಸುವುದಿಲ್ಲ. ಸ್ವಲ್ಪ ದೂರ ಇಳಿದು ನಿಲ್ಲುತ್ತದೆ ಅನ್ನಬೇಕು. ಆಗ ಪಂಚಿನ ಅಂಚಿನಿಂದ ಒಂದು ಬಿರುಕು ಕೆಳಗೆ ಹೊರಡುತ್ತದೆ, ಡೈಯ ಅಂಚಿನಿಂದ ಇನ್ನೊಂದು ಮೇಲೆ ಹೊರಡುತ್ತದೆ. ತಗಡಿನ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದೆ, ಅವೆರಡೂ ನಡೆದು ಬಂದು ಒಂದನ್ನೊಂದು ಮುಟ್ಟಬೇಕು. ಮುಟ್ಟಿದರೆ ತಗಡು ತಾನಾಗಿ ಬಿಟ್ಟುಕೊಡುತ್ತದೆ. ಅವು ಮುಟ್ಟುವಂತೆ ದಾರಿ ಹಾಕಿಕೊಡುವುದು ಆ ಸಂದು. ದಾರಿ ಎಷ್ಟು ಓರೆ ಎನ್ನುವುದು ತಗಡು ಎಷ್ಟು ದಪ್ಪ ಎನ್ನುವುದರ ಮೇಲೆ. ತೂತು ದೊಡ್ಡದೋ ಸಣ್ಣದೋ, ಸಂದಿಗೆ ಅದರ ಹಂಗಿಲ್ಲ.

ತೂತು ನವಣೆಯದಾಯಿತು, ತಗಡು ಜೋಳದ್ದೇ ಉಳಿಯಿತು. ಬಿರುಕುಗಳು ಒಂದರ ಪಕ್ಕದಲ್ಲೊಂದು ಹಾದುಹೋದವು, ಸೇರಲಿಲ್ಲ.

"ಆಸೀಫಣ್ಣ, ಬರ್ರಿ ಇಲ್ಲೆ" ಎಂದು ಕರೆದಳು. ದನಿ ತಗ್ಗಿತ್ತು, ಗುಡಿಯೊಳಗೆ ಮಾತಾಡಿದ ಹಾಗೆ. "ನಾ ಇಲ್ಲದ್ದನ್ನೂ ಸಣ್ಣದು ಮಾಡೀನಿ ನೋಡ್ರಿ."

"ಇಲ್ಲದ್ದಂದ್ರ?"

"ಸಂದು. ಅದು ಉಕ್ಕಲ್ಲ, ಏನೂ ಅಲ್ಲ, ಬರೇ ಖಾಲಿ ಜಾಗ. ಪಂಚ್ ಸಣ್ಣದು ಮಾಡಬೌದು, ಡೈ ಸಣ್ಣದು ಮಾಡಬೌದು. ಅದನ್ನ ಮುಟ್ಟಂಗಿಲ್ಲ. ಅದು ತಗಡಿಂದು."

ಆಸೀಫ ಪರದೆಗೆ ಮೂಗು ಹಚ್ಚುವಷ್ಟು ಬಗ್ಗಿದ. "ಬೋಲ್ಟ್ ನೋಡಿ ನಕ್ಕಕೋತ ಕುಂತ್ನೆಲ್ಲ ತಂಗೆವ್ವಾ" ಅಂದ ಆಮೇಲೆ. "ಇದನ್ನ ನಾನೂ ನೋಡ್ಲಿಲ್ಲ. ಇಬ್ರೂ ಕೂಡೇ ಕುರುಡಾದ್ವಿ."

"ಹೊಸಾ ಉಕ್ಕು ಬೇಕಾಕ್ಕೈತೇನು?" ಅಂದಳು ಸುರೇಖಾ. ಹೊಸ ಉಕ್ಕೆಂದರೆ ತರಿಸಬೇಕು, ಕಾಸಿ ಹದ ಕೊಡಿಸಬೇಕು. ಅಷ್ಟರಲ್ಲಿ ಹೊಲದ ಹಸಿ ಆರಿ, ಅವ್ವ ನಡುಗುವ ಕೈಯಿಂದ ಗಡಿಗೆ ಬರಿದು ಮಾಡಿರುತ್ತಾಳೆ.

ಉತ್ತರ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ತೂತಿನ ಅಳತೆ ಪಂಚಿನದು, ಅದು ಸರಿಯಾಗೇ ಇದೆ. ಸಂದಿಗೆ ಜಾಗ ಕೊಡಬೇಕಾದ್ದು ಡೈ. ಕಡಿಮೆ ಇದ್ದದ್ದನ್ನು ಕೊಯ್ದು ಹಿಗ್ಗಿಸಬಹುದು, ಹೆಚ್ಚಾಗಿದ್ದರೆ ಮುಗಿಯುತ್ತಿತ್ತು. ಸುರೇಖಾ ಈ ಸಲ ಸ್ಕೇಲ್ ಮುಟ್ಟಲಿಲ್ಲ. ಪಂಚಿನ ಗೆರೆಯನ್ನೇ ಹಿಡಿದು, ಅದರ ಸುತ್ತ ಎಲ್ಲ ಕಡೆಯೂ ಒಂದೇ ದೂರದಲ್ಲಿ ಡೈಯ ಗೆರೆ ಎಳೆದಳು. ಆಸೀಫ ಹದಗೊಂಡ ಡೈಯನ್ನು ಬಟ್ಟೆಯಲ್ಲಿ ಸುತ್ತಿ, ರೈಲು ಹಿಡಿದು ಹೊಸಪೇಟೆಗೆ ಹೋದ. "ಒಂದ ಸುತ್ತು ತಂತಿ ಆಡಿಸಿದ್ರ ಆತು" ಅಂದ. "ಮಳಿರಾಯಗ ಹೇಳು, ನಾ ಬರೂತನಕ ಬಿಸಲು ಬಿಡಬ್ಯಾಡ ಅನ್ನು."

ಮರುದಿನ ಬೆಳಿಗ್ಗೆ ಐಶ್ವರ್ಯಳನ್ನು ಸಾಲೆಗೆ ಬಿಟ್ಟು ಸುರೇಖಾ ಓಡುತ್ತಲೇ ಬಂದಳು. ಆಸೀಫ ಪಂಚಿನ ಮೂತಿಯನ್ನು ಚಕ್ಕೆ ಎದ್ದಷ್ಟು ಆಳಕ್ಕೆ ಮಟ್ಟ ಮಾಡಿ, ಅಚ್ಚು ಜೋಡಿಸಿಟ್ಟಿದ್ದ. ಪ್ರೆಸ್ಸಿಗೆ ಇನ್ನೂ ಏರಿಸಿರಲಿಲ್ಲ.

"ನೀ ಬರ್ಲಿ ಅಂತ ನಿಂದರಿಸೀನಿ. ಬಾಗಲಾ ಮುಂದ ಮಾಡು."

ಬಾಗಿಲು ಮುಚ್ಚಿದ್ದೇ ಶೆಡ್ಡಿನಲ್ಲಿ ಕತ್ತಲಾಯಿತು. ಆಸೀಫ ಪಂಚನ್ನು ಡೈಯೊಳಗೆ ಇಳಿಬಿಟ್ಟು, ಕೆಳಗಿನಿಂದ ಮೊಬೈಲಿನ ಬೆಳಕು ಹಿಡಿದ. ಸುರೇಖಾ ಮೇಲಿನಿಂದ ಬಗ್ಗಿ ನೋಡಿದಳು.

ಕರಿಯ ಉಕ್ಕಿನ ನಡುವೆ ಬೆಳಕಿನ ಒಂದು ಎಳೆ. ಉದ್ದನೆಯ ಬದಿಗಳಲ್ಲೂ ದುಂಡನೆಯ ತುದಿಗಳಲ್ಲೂ ಅದೇ ತೆಳುವು, ಎಲ್ಲೂ ಕಡಿಯದೆ, ಎಲ್ಲೂ ಉಬ್ಬದೆ, ಸುತ್ತಿ ಬಂದು ತನ್ನನ್ನೇ ಸೇರಿತ್ತು. ಯಾರೋ ಕತ್ತಲನ್ನು ಬೆಳಕಿನ ದಾರದಿಂದ ಹೊಲಿದ ಹಾಗೆ. ತಾನು ಗೆರೆ ಎಳೆದದ್ದು ಪಂಚಿಗೆ, ಡೈಗೆ. ಇದನ್ನು ಯಾರೂ ಎಳೆದಿರಲಿಲ್ಲ. ಎರಡು ಸರಿಯಾಗಿ ನಿಂತಾಗ ನಡುವೆ ತಾನಾಗಿ ಬಂದು ನಿಂತದ್ದು ಇದು.

"ಯಾ ಅಲ್ಲಾ" ಅಂದ ಆಸೀಫ, ತನ್ನ ಸರದಿಗೆ ನೋಡಿ. "ಇಷ್ಟು ವರ್ಷ ಈ ಕೆಲಸಾ ಮಾಡೀನಿ. ಪ್ರತೀ ಸಲ ನೋಡಿದಾಗೂ ಎದಿ ಝುಮ್ ಅಂತೈತಿ ನೋಡು."

ಅಚ್ಚನ್ನು ಪ್ರೆಸ್ಸಿಗೆ ಏರಿಸಿ, ಮೊದಲು ತೆಳು ಕಾಗದ ಇಟ್ಟು ಒತ್ತಿದ. ಅಂಚಿನಲ್ಲಿ ಒಂದು ನಾರೂ ಏಳದ ಹಾಗೆ ಕತ್ತರಿಸಿತು. ತಗಡಿಟ್ಟು ಒತ್ತಿದ. ಟಕ್ ಅಂತ ಸಣ್ಣ ಸದ್ದು. ಪಂಚ್ ಇಳಿಯಿತು, ಎದ್ದಿತು. ಮತ್ತೆ ಟಕ್. ಮಧ್ಯಾಹ್ನದ ಹೊತ್ತಿಗೆ ಪ್ಲೇಟುಗಳು ಸುರೇಖಾಳ ಚೀಲದಲ್ಲಿದ್ದವು, ಅವಳು ಬಸ್ಸಿನಲ್ಲಿದ್ದಳು.

ಬೇವೂರಿನಲ್ಲಿ ಶೇಖರಮ್ಮ ಪ್ಲೇಟನ್ನು ತಿರುವಿ ಮುರುವಿ ನೋಡಿದಳು. "ಇದಕ್ಕ ಬೆರಳು ಎಲ್ಲೆದಾವ?" ಅಂದಳು.

"ತೂತ ಇದರ ಬೆರಳು ಬೇ" ಅಂದ ಬಸವಕುಮಾರ. "ಒಂದ ಮುಷ್ಟಿ ಬೀಜ ಕೊಡು, ಅಂಗಳದಾಗ ನೋಡೂಣು. ಒಂದ ಕಾಳು ಹಾಳಾಗಾಕ ಬಿಡಂಗಿಲ್ಲ, ಎಲ್ಲಾ ಆರಿಸಿ ಕೊಡ್ತೀನಿ."

"ನೀ ಆರಸಾಂವ! ಹುಟ್ಟಿದಾಗಿಂದ ಒಂದ ಹಿಡಿ ಅಕ್ಕಿ ಆರಿಸಿಲ್ಲ."

ಆದರೂ ಒಳಗೆ ಹೋಗಿ ಗಡಿಗೆ ಬಿಚ್ಚಿದಳು. ಅಂಗಳದಲ್ಲಿ ಹಳೆಯ ಸೀರೆ ಉದ್ದಕ್ಕೆ ಹಾಸಿ, ಕಾಳು ಪುಟಿಯದಿರಲೆಂದು ಅದರ ಮೇಲೆ ಹಸಿ ಉಸುಕು ತೆಳ್ಳಗೆ ಹರವಿದರು. ಬಸವಕುಮಾರ ಟ್ರ್ಯಾಕ್ಟರನ್ನು ಆಮೆಯ ಹಾಗೆ ಮುಂದೆ ಬಿಟ್ಟ. ಕೂರಿಗೆಯ ಗಾಲಿ ತಿರುಗಿತು, ಪೆಟ್ಟಿಗೆಯೊಳಗೆ ಪ್ಲೇಟು ತಿರುಗಿತು, ಕೊಳವೆಗಳಿಂದ ನವಣೆ ಇಳಿಯಿತು.

ಟ್ರ್ಯಾಕ್ಟರ್ ದಾಟಿ ಹೋದ ಮೇಲೆ ಶೇಖರಮ್ಮ ಉಸುಕಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಪ್ಪು ಉಸುಕಿನ ಮೇಲೆ ಕೆಂಪು ಕಾಳುಗಳ ಸಾಲು. ಒಂದರ ಹಿಂದೆ ಒಂದು, ತುಳಿಯದೆ, ಬಿಟ್ಟು ಹೋಗದೆ. ಅವಳು ಬಲಗೈ ಚಾಚಿ, ಮುಟ್ಟದೆಯೇ, ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಆಡಿಸಿದಳು. ಕೈ ನಡುಗುತ್ತಿತ್ತು, ಅದನ್ನು ಮುಚ್ಚಿಕೊಳ್ಳಲಿಲ್ಲ.

ಮಕ್ಕಳಿಬ್ಬರೂ ಹತ್ತಿರ ಬಂದರು.

"ಹಿಂಗ ಬಿಡ್ತಿದ್ನೇನು ನಾ?" ಅಂದಳು. "ಬಿಡೂ ಮುಂದ ಕೈ ಕಾಣತೈತಿ, ಕಾಳು ಕಾಣಂಗಿಲ್ಲ. ಮಣ್ಣು ಮುಚ್ಚಿಬಿಡ್ತೈತಿ. ನಾ ಒಂದ ದಿನಾನೂ ನೋಡಿಲ್ಲವ್ವಾ ಇದನ್ನ."

ಸುರೇಖಾ ಅವ್ವನ ಪಕ್ಕದಲ್ಲೇ ಕೂತು ತಾನೂ ನೋಡಿದಳು.

ಮರುದಿನ ಹೊಲದಲ್ಲಿ ಹಸಿ ಇನ್ನೂ ಇತ್ತು. ನವಣೆಯ ಪಟ್ಟಿಯ ತಲೆಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಶೇಖರಮ್ಮ ಗಡಿಗೆಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಬಂದಿದ್ದಳು. ಬಸವಕುಮಾರ ಬೀಜದ ಪೆಟ್ಟಿಗೆಯ ಮುಚ್ಚಳ ತೆಗೆದ. ಅವ್ವನ ಮುಖ ನೋಡಿ, ಅವನ ಚೇಷ್ಟೆಯ ದನಿ ಮೆತ್ತಗಾಯಿತು.

"ಅವ್ವಾ, ನಿನ್ನ ಕೈಲೇ ಪೆಟಿಗ್ಯಾಗ ಸುರುವು. ನೀ ಹಾಕಿದಂಗ ಆತು. ಸಣ್ಣವ್ವ ಆಯಿಗೆ ಕೊಟ್ಟ ಮಾತು ಉಳೀತೈತಿ."

ಸುರೇಖಾ ಆಸೆಯಿಂದ ಅವ್ವನ ಕಡೆ ನೋಡಿದಳು. ಅವಳು ಹೂಂ ಅನ್ನಲಿ ಅನ್ನಿಸಿತ್ತು.

ಶೇಖರಮ್ಮ ತಲೆಯಾಡಿಸಿದಳು. "ಹಂಗ ಮಾತಿಗೆ ಮಣ್ಣ ಎರಚಬಾರ್ದಪಾ. ನಾ ಸುರುವತೀನಿ ಅಂದಿದ್ದಿಲ್ಲ. ಬಿತ್ತತೀನಿ ಅಂದಿದ್ದೆ. ಬಿತ್ತೂದು ಈ ತಗಡು." ಗಡಿಗೆಯನ್ನು ಮಗನ ಕೈಗೆ ಕೊಟ್ಟಳು. "ನೀನ ಹಾಕು. ಮಾತು ಹೋದ್ರ ನಂದು ಹೋಕ್ಕೈತಿ. ಬೀಜ ಹೋದ್ರ ಎಲ್ಲಾರದೂ ಹೋಕ್ಕೈತಿ."

ಬಸವಕುಮಾರ ಬೀಜ ಸುರಿದ. ಟ್ರ್ಯಾಕ್ಟರ್ ಹೊರಟಿತು. ಪ್ಲೇಟು ತಿರುಗಿ, ಎರೆ ಮಣ್ಣು ಬಿಚ್ಚಿ, ಬೀಜ ಇಳಿದು, ಮಣ್ಣು ಮುಚ್ಚಿಕೊಂಡಿತು. ಶೇಖರಮ್ಮ ಬದುವಿನ ಮೇಲೆ ನಿಂತು ಕೊನೆಯ ಸಾಲಿನವರೆಗೂ ನೋಡಿದಳು.

ಅತ್ತೆಗೆ ಕೊಟ್ಟ ಮಾತನ್ನು ಶೇಖರಮ್ಮ ಆ ದಿನ ಮುರಿದಳು.